ಎಲ್‌ಪಿ ಹಾಕಿದರೆ ‘ಗುಂಯ್’ ಅನ್ನುತ್ತದೆ: ಕೆಟ್ಟಿರುವುದು ಟರ್ನ್‌ಟೇಬಲ್ಲೇ?

ಪ್ರಶ್ನೆ: ನಮ್ಮದು ಮಲೆನಾಡಿನ ಸಾಗರದ ಕಡೆಯ ಹಳೇ ಮನೆ. ಅಪ್ಪಯ್ಯ ಕೂಡಿಟ್ಟಿದ್ದ ನೂರಕ್ಕೂ ಹೆಚ್ಚು ಎಲ್‌ಪಿ ರೆಕಾರ್ಡ್‌ಗಳಿವೆ. ಹೆಚ್ಚಿನವು ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಅವರವು. ಕಳೆದ ವರ್ಷ ಅವನ್ನು ನುಡಿಸಲು ಬೆಲ್ಟ್ ಇರುವ ಹೊಸ ಟರ್ನ್‌ಟೇಬಲ್ ತಂದೆ. ಆಂಪ್ಲಿಫೈಯರ್ ಅಪ್ಪಯ್ಯನದೇ, 80ರ ದಶಕದ್ದು. ಈಚೆಗೆ ಸ್ಪೀಕರ್ ಬದಲಾಯಿಸಿ, ನೆಲದ ಮೇಲೆ ನಿಲ್ಲುವ ಎತ್ತರದ ಜೋಡಿ ಹಾಕಿದೆ. ಎಲ್ಲಾ ಇರುವುದು ಮಹಡಿಯ ಕೋಣೆಯಲ್ಲಿ, ಹಲಗೆ ನೆಲದ ಮೇಲೆ. ಟರ್ನ್‌ಟೇಬಲ್ ಮರದ ಕಪಾಟಿನ ಮೇಲಿದೆ, ಸ್ಪೀಕರ್‌ಗಳು ಕಪಾಟಿನ ಎಡಬಲಕ್ಕಿವೆ. ಈಗ ವಾಲ್ಯೂಮ್ ಅರ್ಧ ದಾಟಿದರೆ ‘ಗುಂಯ್’ ಅಂತ ಶುರುವಾಗಿ ಏರುತ್ತಾ ಹೋಗುತ್ತದೆ. ಮಗ ಓಡಾಡಿದರೆ ಸ್ಪೀಕರ್‌ನಲ್ಲಿ ‘ಧಡ್’ ಅನ್ನುತ್ತದೆ. ಮುಳ್ಳು ಎತ್ತಿದ ಮೇಲೂ ಸಣ್ಣಗೆ ‘ಮ್‌ಮ್’ ಅಂತ ಹಮ್ ಉಳಿಯುತ್ತದೆ. ಇನ್ನೊಂದು ವಿಚಿತ್ರವೆಂದರೆ ಬೇಸ್ ಅಂದರೆ ತಗ್ಗಿನ ಸ್ವರ ಕೊಡುವ ವೂಫರ್‌ನ ಕೋನು ಸದ್ದೇ ಇಲ್ಲದೆ ಒಳಗೆ ಹೊರಗೆ ಆಡುತ್ತದೆ. ಅಂಗಡಿಯವರು ಕಾರ್ಟ್ರಿಜ್ (ಮುಳ್ಳು ಕೂರುವ ಡಬ್ಬಿ) ಬದಲಾಯಿಸಿ ಅಂದರು. ಒಬ್ಬರು ಗ್ರಾನೈಟ್ ಕಲ್ಲು ಇಡಿ ಅಂದರು, ಇನ್ನೊಬ್ಬರು ಸ್ಪೀಕರ್‌ಗೆ ಸ್ಪೈಕ್ (ಚೂಪು ಮೊಳೆಯಂಥ ಕಾಲು) ಹಾಕಿ ಅಂದರು, ಮತ್ತೊಬ್ಬರು ಹಳೇ ರೆಕಾರ್ಡ್ ಅಂದರೆ ಹಾಗೆಯೇ ಅಂದರು. ಟರ್ನ್‌ಟೇಬಲ್ ಮಾರಿ ದೊಡ್ಡದು ತೆಗೆದುಕೊಳ್ಳಬೇಕೇ?

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆಗೇ ಬರುತ್ತೇನೆ, ದುಡ್ಡಿನ ವಿಷಯ ಇರುವುದು ಅಲ್ಲಿ. ಟರ್ನ್‌ಟೇಬಲ್ ಮಾರಬೇಡಿ. ಕಾರ್ಟ್ರಿಜ್ಜನ್ನೂ ಈಗ ಮುಟ್ಟಬೇಡಿ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಅದರಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳಿವೆ. ನೀವು ಎಲ್ಲವನ್ನೂ ಸೇರಿಸಿ ಟರ್ನ್‌ಟೇಬಲ್ಲಿನ ಒಂದೇ ತೊಂದರೆ ಅಂತ ಹಿಡಿದಿದ್ದೀರಿ. ಸಲಹೆ ಕೊಟ್ಟವರೂ ಒಬ್ಬೊಬ್ಬರು ಒಂದೊಂದನ್ನು ಹಿಡಿದು ಮದ್ದು ಹೇಳಿದ್ದಾರೆ. ಹೀಗಾದಾಗ ಒಂದಕ್ಕೆ ಹಾಕಿದ ಮದ್ದು ಇನ್ನೊಂದನ್ನು ಕೆಡಿಸುತ್ತದೆ. ನಿಮ್ಮ ಮನೆಯಲ್ಲಿ ಸ್ಪೈಕ್ ಹಾಕಿದ್ದರೆ ಖಂಡಿತ ಹಾಗೇ ಆಗುತ್ತಿತ್ತು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಈ ಸದ್ದುಗಳೆಲ್ಲ ರೆಕಾರ್ಡ್ ಹಾಕಿದಾಗಲೇ ಯಾಕೆ ಬರುತ್ತವೆ, ಸಿಡಿ ಹಾಕಿದಾಗ ಯಾಕಿಲ್ಲ? ಇದು ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. ಮುಳ್ಳಿಗೆ ಗೊತ್ತಿರುವುದು ಒಂದೇ ವಿಷಯ: ತನಗೂ ಕಾರ್ಟ್ರಿಜ್ಜಿನ ಮೈಗೂ ನಡುವೆ ಎಷ್ಟು ಅಲುಗಾಟ ಆಯಿತು ಅನ್ನುವುದು. ಆ ಅಲುಗಾಟ ರೆಕಾರ್ಡಿನ ಗೆರೆಯಿಂದ ಬಂತೋ, ನಿಮ್ಮ ಮಗ ಓಡಿದ್ದರಿಂದ ಬಂತೋ, ಕಪಾಟು ನಡುಗಿದ್ದರಿಂದ ಬಂತೋ ಅದಕ್ಕೆ ತಿಳಿಯುವುದಿಲ್ಲ. ಗೆರೆಯ ಅಲುಗಾಟವೂ ಎಷ್ಟು ಸಣ್ಣದು ಅಂದರೆ, ಸಾಮಾನ್ಯ ಜೋರಿನ 1,000 ಹರ್ಟ್ಸ್ (ಸೆಕೆಂಡಿಗೆ 1,000 ಸಲ ಅಲುಗುವ) ಸ್ವರಕ್ಕೆ ಮುಳ್ಳು ಆಚೀಚೆ ಸರಿಯುವುದು ಸುಮಾರು 8 ಮೈಕ್ರಾನ್. ತಲೆಕೂದಲಿನ ದಪ್ಪದ ಎಂಟು ಹತ್ತರಲ್ಲಿ ಒಂದು ಭಾಗ ಅನ್ನಿ. ಅಷ್ಟು ಸಣ್ಣದನ್ನು ಹಿಡಿಯುವ ವಸ್ತುವನ್ನು ನಾವು ನಡುಗುವ ಕಪಾಟಿನ ಮೇಲೆ ಇಟ್ಟರೆ ಅದು ಕಪಾಟಿನ ನಡುಕವನ್ನೂ ಹಾಡಿನ ಹಾಗೆಯೇ ಹಿಡಿಯುತ್ತದೆ.

ಇದರ ಮೇಲೆ ಇನ್ನೊಂದಿದೆ. ರೆಕಾರ್ಡ್ ಕೊರೆಯುವಾಗ ಬೇಸನ್ನು ಬೇಕಂತಲೇ ತಗ್ಗಿಸಿ ಕೊರೆಯುತ್ತಾರೆ. ಇಲ್ಲದಿದ್ದರೆ ಗೆರೆಗಳು ಅಗಲವಾಗಿ ಒಂದರ ಮೇಲೊಂದು ಹೋಗುತ್ತವೆ, ಒಂದು ಬದಿಗೆ 20 ನಿಮಿಷದ ಸಂಗೀತ ಹಿಡಿಸುವುದಿಲ್ಲ. ನುಡಿಸುವಾಗ ಆಂಪ್‌ನ ಫೋನೋ ಭಾಗ, ಅಂದರೆ ರೆಕಾರ್ಡಿಗೆಂದೇ ಇರುವ ಭಾಗ, ಆ ಬೇಸನ್ನು ಮತ್ತೆ ಎತ್ತುತ್ತದೆ. 1954ರಿಂದ ಇದಕ್ಕೆ ಆರ್‌ಐಎಎ ಅನ್ನುವ ಒಂದೇ ಅಳತೆ ಬಂತು. ಅದರ ಪ್ರಕಾರ 1,000 ಹರ್ಟ್ಸ್‌ಗೆ ಹೋಲಿಸಿದರೆ 50 ಹರ್ಟ್ಸ್ ಸುಮಾರು 7 ಪಟ್ಟು, 20 ಹರ್ಟ್ಸ್ 9 ಪಟ್ಟು ಜಾಸ್ತಿ ಏರುತ್ತದೆ. ಸಂಗೀತದ ಬೇಸ್‌ಗೆ ಇದು ನ್ಯಾಯ, ತಗ್ಗಿಸಿದ್ದನ್ನು ಎತ್ತಿದ ಹಾಗಾಯಿತು. ನೆಲದ ನಡುಕವನ್ನು, ಕರೆಂಟಿನ ಹಮ್ಮನ್ನು ಯಾರೂ ಮೊದಲು ತಗ್ಗಿಸಿಲ್ಲವಲ್ಲ, ಅವು ಸುಮ್ನೆ 7 ಪಟ್ಟು, 9 ಪಟ್ಟು ಏರಿ ಕೂರುತ್ತವೆ. ಸಿಡಿ ಪ್ಲೇಯರ್‌ನಿಂದ ಬರುವುದು 2 ವೋಲ್ಟ್. ಕಾರ್ಟ್ರಿಜ್ಜಿನಿಂದ ಬರುವುದು 4, 5 ಮಿಲಿವೋಲ್ಟ್. ಅದನ್ನು ದೊಡ್ಡದು ಮಾಡುವಾಗ ಅಕ್ಕಪಕ್ಕದ ಎಲ್ಲವೂ ದೊಡ್ಡದಾಗುತ್ತದೆ.

ಈಗ ಒಂದೊಂದಾಗಿ ಬರೋಣ. ಅದಕ್ಕೆ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ, ಖರ್ಚಿಲ್ಲ. ಆಂಪ್‌ಗೆ ಹೆಡ್‌ಫೋನ್ ಹಾಕಿ, ಸ್ಪೀಕರ್ ಬಂದ್ ಮಾಡಿ, ಅದೇ ರೆಕಾರ್ಡನ್ನು ಅದೇ ಜೋರಿನಲ್ಲಿ ಕೇಳಿ. ಏರುವ ‘ಗುಂಯ್’ ಮಾಯವಾದರೆ ಕಾರ್ಟ್ರಿಜ್, ರೆಕಾರ್ಡ್, ಮೋಟರ್ ಮೂರೂ ನಿರಪರಾಧಿಗಳು. ಸ್ಪೀಕರ್‌ನಿಂದ ಹೊರಟ ಸದ್ದು ತಿರುಗಿ ಮುಳ್ಳಿಗೆ ಬರುತ್ತಿದೆ ಅಂತ ಅರ್ಥ. ನಿಮ್ಮಲ್ಲಿ ಹಾಗೇ ಆಗುತ್ತದೆ ಅಂತ ನನಗೆ ಬಹುಮಟ್ಟಿಗೆ ಖಾತ್ರಿ ಇದೆ.

ಎರಡನೇ ಪರೀಕ್ಷೆ ಸ್ವಲ್ಪ ಎಚ್ಚರಿಕೆಯದು. ಟರ್ನ್‌ಟೇಬಲ್ ತಿರುಗಿಸಬೇಡಿ. ನಿಂತ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿ. ಸ್ಪೀಕರ್ ಆನ್ ಮಾಡಿ, ವಾಲ್ಯೂಮನ್ನು ಸೊನ್ನೆಯಿಂದ ನಿಧಾನ ಏರಿಸಿ, ಕೈ ಗುಂಡಿಯ ಮೇಲೇ ಇರಲಿ. ನೀವು ದಿನಾ ಕೇಳುವ ಮಟ್ಟಕ್ಕೆ ಬಂದಾಗ ಕಪಾಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ‘ಟಕ್’ ಅಂತ ಸತ್ತರೆ ಒಳ್ಳೆಯದು. ‘ಧೂಂಂಂ’ ಅಂತ ಎಳೆದರೆ, ಇಲ್ಲವೇ ತಾನಾಗಿ ಏರತೊಡಗಿದರೆ, ತಕ್ಷಣ ವಾಲ್ಯೂಮ್ ಇಳಿಸಿ. ಇಲ್ಲಿ ಧೈರ್ಯ ತೋರಿಸಲು ಹೋಗಬೇಡಿ, ಹಾಗೆ ಏರಿದ ಸದ್ದು ಕೆಲವೇ ಸೆಕೆಂಡಿನಲ್ಲಿ ವೂಫರ್‌ನ ಕಾಯಿಲ್ ಸುಡಬಹುದು.

ಈ ಏರುವ ಸದ್ದಿಗೆ ಫೀಡ್‌ಬ್ಯಾಕ್ ಅನ್ನುತ್ತೇವೆ. ಸಭೆಯಲ್ಲಿ ಮೈಕನ್ನು ಸ್ಪೀಕರ್ ಎದುರು ಹಿಡಿದರೆ ‘ಕುಂಯ್’ ಅನ್ನುತ್ತದಲ್ಲ, ಅದೇ ಇದು, ಬೇಸ್‌ನಲ್ಲಿ ಅಷ್ಟೇ. ಸ್ಪೀಕರ್ ನೆಲವನ್ನು ನಡುಗಿಸುತ್ತದೆ, ನೆಲ ಕಪಾಟನ್ನು, ಕಪಾಟು ಟರ್ನ್‌ಟೇಬಲ್ಲನ್ನು, ಅದು ಮುಳ್ಳನ್ನು, ಮುಳ್ಳಿನಿಂದ ಆಂಪ್, ಆಂಪ್‌ನಿಂದ ಮತ್ತೆ ಸ್ಪೀಕರ್. ಒಂದು ಸುತ್ತಿಗೆ ಹೋದದ್ದಕ್ಕಿಂತ ಜಾಸ್ತಿ ತಿರುಗಿ ಬಂದರೆ ಅದು ನಿಲ್ಲುವುದಿಲ್ಲ. ಹಳೇ ಸಣ್ಣ ಸ್ಪೀಕರ್ ಇದ್ದಾಗ ಈ ತೊಂದರೆ ಇರಲಿಲ್ಲ ಅಂತ ನೀವು ಬರೆದಿಲ್ಲ, ಆದರೆ ಇರಲಿಕ್ಕಿಲ್ಲ. ಅವು 60, 70 ಹರ್ಟ್ಸ್ ಕೆಳಗೆ ಏನೂ ಕೊಡುವುದಿಲ್ಲ. ಹೊಸ ಜೋಡಿ 40ರವರೆಗೆ ಇಳಿಯುತ್ತದೆ, ಅದೂ ನೇರ ಹಲಗೆಯ ಮೇಲೆ ನಿಂತು.

ಹಲಗೆ ನೆಲದ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಯಾಕೆಂದರೆ ಬೆಂಗಳೂರಿನ ಅಂಗಡಿಯವರಿಗೆ ಇದು ಹೊಳೆಯುವುದೇ ಇಲ್ಲ. ಅವರ ಗಿರಾಕಿಗಳೆಲ್ಲ ಆರ್‌ಸಿಸಿ ಮನೆಯವರು. ಕಾಂಕ್ರೀಟ್ ಚಪ್ಪಡಿ ಭಾರ, ಬಿಗಿ, ಓಡಾಡಿದರೆ ಮುಳ್ಳಿಗೆ ಅಷ್ಟಾಗಿ ಮುಟ್ಟುವುದಿಲ್ಲ. ಮಲೆನಾಡಿನ ಹಳೇ ಉಪ್ಪರಿಗೆ ಹಾಗಲ್ಲ. ಉದ್ದ ತೊಲೆಗಳ ಮೇಲೆ ಹಲಗೆ ಹಾಸಿರುತ್ತಾರೆ. ನಡುಭಾಗದಲ್ಲಿ ನಿಂತು ಹಿಮ್ಮಡಿ ಊರಿದರೆ ಇಡೀ ಕೋಣೆ ಒಂದು ಚೂರು ಜಗ್ಗಿ ಏಳುತ್ತದೆ, ಸೆಕೆಂಡಿಗೆ ಸುಮಾರು ಹತ್ತು ಸಲದ ಲೆಕ್ಕದಲ್ಲಿ. ಈ ಹತ್ತು ಅನ್ನುವುದು ತುಂಬಾ ಕೆಟ್ಟ ಸಂಖ್ಯೆ. ಟೋನ್‌ಆರ್ಮ್ (ಮುಳ್ಳನ್ನು ಹಿಡಿದ ತೋಳು) ಮತ್ತು ಕಾರ್ಟ್ರಿಜ್ ಸೇರಿ ಒಂದು ಜೋಕಾಲಿ ಇದ್ದ ಹಾಗೆ, ಅದಕ್ಕೂ ತನ್ನದೇ ತೂಗುವ ವೇಗ ಇದೆ. ಒಳ್ಳೆಯ ಜೋಡಣೆಯಲ್ಲಿ ಅದು 8ರಿಂದ 12 ಹರ್ಟ್ಸ್ ನಡುವೆ ಇರುತ್ತದೆ. ನೆಲವೂ ಅದೇ ವೇಗದಲ್ಲಿ ತೂಗಿದರೆ ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗಾಗುತ್ತದೆ. ನಿಮ್ಮ ಮಗ ಓಡಿದಾಗ ಬರುವ ‘ಧಡ್’ ಇದು. ಪಾಪ, ಅವನನ್ನು ಬೈಯಬೇಡಿ.

ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯ ಒಂದು ಮನೆಗೆ ಹೋಗಿದ್ದೆ. ಅಲ್ಲೂ ಮಹಡಿ, ಹಲಗೆ ನೆಲ. ವೂಫರ್‌ಗಳು ಮಧ್ಯಾಹ್ನ ಮಾತ್ರ ಜೋರಾಗಿ ಒಳಗೆ ಹೊರಗೆ ಆಡುತ್ತಿದ್ದವು, ರಾತ್ರಿ ಸುಮ್ಮನಿರುತ್ತಿದ್ದವು. ಅರ್ಧ ದಿನ ಹುಡುಕಿದೆ. ಬೇರಿಂಗ್ ನೋಡಿದೆ, ಬೆಲ್ಟ್ ಬದಲಾಯಿಸಿದೆ, ವೈರು ಬದಲಾಯಿಸಿದೆ. ಕೊನೆಗೆ ಗೊತ್ತಾಯಿತು, ಕೆಳಗಿನ ಕೋಣೆಯಲ್ಲಿ ಅಜ್ಜಿ ಊಟ ಮಾಡಿ ಮಲಗುವ ಹೊತ್ತಿಗೆ ಫ್ಯಾನ್ ಹಾಕುತ್ತಿದ್ದರು. ಆ ಫ್ಯಾನು ಯಾವ ತೊಲೆಗೆ ನೇತುಹಾಕಿತ್ತೋ ಅದೇ ತೊಲೆಯ ಮೇಲೆ ಟರ್ನ್‌ಟೇಬಲ್ಲಿನ ಮೇಜು ನಿಂತಿತ್ತು. ಸೀಲಿಂಗ್ ಫ್ಯಾನ್ ಪೂರ್ತಿ ವೇಗದಲ್ಲಿ ನಿಮಿಷಕ್ಕೆ 350ರ ಆಸುಪಾಸು ಸುತ್ತುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 6. ಒಂದು ರೆಕ್ಕೆ ಸ್ವಲ್ಪ ಬಾಗಿದ್ದರೆ ಸಾಕು, ಸೆಕೆಂಡಿಗೆ 6 ಸಲ ತೊಲೆ ಅಲುಗುತ್ತದೆ. ಕಿವಿಗೆ ಏನೂ ಕೇಳುವುದಿಲ್ಲ, ಮುಳ್ಳಿಗೆ ಕೇಳುತ್ತದೆ. ನಿಮ್ಮ ಕೆಳಗಿನ ಕೋಣೆಯ ಫ್ಯಾನನ್ನೂ ಒಮ್ಮೆ ಆಫ್ ಮಾಡಿ ನೋಡಿ.

ಇನ್ನು ಪರಿಹಾರ. ಮೊದಲು ಜಾಗ. ಟರ್ನ್‌ಟೇಬಲ್ಲನ್ನು ಸ್ಪೀಕರ್‌ಗಳ ನಡುವಿನಿಂದ ತೆಗೆಯಿರಿ. ಕೋಣೆಯ ಇನ್ನೊಂದು ಬದಿಗೆ, ಗೋಡೆಗೆ ಒತ್ತಿ, ತೊಲೆಯ ತುದಿ ಗೋಡೆಯೊಳಗೆ ಕೂತಿರುತ್ತದಲ್ಲ, ಆ ಜಾಗಕ್ಕೆ ಹತ್ತಿರ ಇಡಿ. ಅಲ್ಲಿ ನೆಲ ಜಗ್ಗುವುದು ತೀರಾ ಕಡಿಮೆ. ಮೂಲೆಗೆ ಮಾತ್ರ ತಳ್ಳಬೇಡಿ, ಮೂಲೆಯಲ್ಲಿ ಬೇಸ್ ಬಂದು ಗುಂಪುಗಟ್ಟುತ್ತದೆ. 4 ಮೀಟರ್ ಉದ್ದದ ಕೋಣೆಯಲ್ಲಿ 43 ಹರ್ಟ್ಸ್ ಹತ್ತಿರದ ಬೇಸ್ ಎರಡೂ ತುದಿಗಳಲ್ಲಿ ಜೋರಾಗಿ, ನಡುವಿನಲ್ಲಿ ಮೆತ್ತಗೆ ಇರುತ್ತದೆ. ಹಾಗಾಗಿ ಉದ್ದದ ಗೋಡೆಯ ನಡುಭಾಗ ಒಳ್ಳೆಯದು. ವೈರು ಉದ್ದ ಆಗುತ್ತದೆ ಅಂತ ಕಾರ್ಟ್ರಿಜ್ಜಿನ ವೈರನ್ನು 5 ಮೀಟರ್ ಎಳೆಯಬೇಡಿ. ಆಂಪನ್ನೂ ಟರ್ನ್‌ಟೇಬಲ್ ಪಕ್ಕಕ್ಕೆ ತಂದು ಸ್ಪೀಕರ್ ವೈರನ್ನು ಉದ್ದ ಮಾಡಿ.

ಅದಕ್ಕಿಂತ ಒಳ್ಳೆಯದು ಗೋಡೆಗೆ ಹೊಡೆದ ಶೆಲ್ಫ್. ಹಲಗೆ ನೆಲದ ಮನೆಗೆ ಇದಕ್ಕಿಂತ ದೊಡ್ಡ ಮದ್ದು ನಾನು ಕಂಡಿಲ್ಲ. ಕಾಲ ಸದ್ದು ಬಹುತೇಕ ನಿಂತೇ ಹೋಗುತ್ತದೆ. ಬ್ರಾಕೆಟ್ ಬಿಗಿಯಾಗಿರಲಿ, ಹಲಗೆ ಹಗುರಾಗಿರಲಿ. ಭಾರದ ಶೆಲ್ಫ್ ಹಾಕಿದರೆ ಬ್ರಾಕೆಟ್ ಸ್ಪ್ರಿಂಗಿನ ಹಾಗೆ ತೂಗಲು ಶುರು ಮಾಡುತ್ತದೆ.

ಕಲ್ಲಿನ ಮಾತು. ಕಾಂಕ್ರೀಟ್ ನೆಲದ ಮನೆಯಲ್ಲಿ ಕಲ್ಲು ಇಟ್ಟು ಅದರ ಕೆಳಗೆ ಮೆತ್ತಗಿನದೇನಾದರೂ ಹಾಕಿದರೆ ಲಾಭ ಇದೆ. ಬರೀ ಕಲ್ಲು ಎಲ್ಲೂ ಕೆಲಸ ಮಾಡುವುದಿಲ್ಲ, ತಟ್ಟಿದರೆ ಗ್ರಾನೈಟ್ ಗಂಟೆಯ ಹಾಗೆ ‘ಠಣ್’ ಅನ್ನುತ್ತದೆ, ಅದೇ ಅದರ ಗುಣ. ನಿಮ್ಮ ನೆಲದ ಮೇಲೆ 20 ಕೆಜಿ ಕಲ್ಲು ಹೇರಿದರೆ ನೆಲದ ತೂಗಾಟ ಇನ್ನೂ ನಿಧಾನ ಆಗುತ್ತದೆ, ಕಮ್ಮಿ ಆಗುವುದಿಲ್ಲ. ಅದೇ ರೀತಿ ಟರ್ನ್‌ಟೇಬಲ್ ಕಾಲಿನ ಕೆಳಗೆ ಇಡಲು ರಬ್ಬರ್ ಬಿಲ್ಲೆ, ಸ್ಪ್ರಿಂಗು ಮಾರುತ್ತಾರೆ. ಇದಕ್ಕೆ ಒಂದು ಸುಲಭ ಲೆಕ್ಕ ಇದೆ. ಟರ್ನ್‌ಟೇಬಲ್ ಇಟ್ಟಾಗ ಬಿಲ್ಲೆಯೋ ಸ್ಪ್ರಿಂಗೋ ಎಷ್ಟು ಮಿಲಿಮೀಟರ್ ಕುಗ್ಗುತ್ತದೆ ಅಂತ ಅಳೆಯಿರಿ. 1 ಮಿಮೀ ಕುಗ್ಗಿದರೆ ಅದು ತೂಗುವುದು 16 ಹರ್ಟ್ಸ್‌ನಲ್ಲಿ, 10 ಮಿಮೀ ಕುಗ್ಗಿದರೆ 5 ಹರ್ಟ್ಸ್‌ನಲ್ಲಿ. ನಡುಕ ಕಡಿಮೆಯಾಗಲು ಶುರುವಾಗುವುದು ಆ ಸಂಖ್ಯೆಯ ಸುಮಾರು ಒಂದೂವರೆ ಪಟ್ಟು ಮೇಲೆ. ಹಾಗಾಗಿ 1 ಮಿಮೀ ಕೂಡ ಕುಗ್ಗದ ಗಟ್ಟಿ ರಬ್ಬರ್ ಬಿಲ್ಲೆ 20 ಹರ್ಟ್ಸ್ ಸದ್ದನ್ನು ತಡೆಯುವುದಿರಲಿ, ಸ್ವಲ್ಪ ಹೆಚ್ಚಿಸಿಯೇ ಕೊಡುತ್ತದೆ. 10 ಮಿಮೀ ಕುಗ್ಗುವ ಸ್ಪ್ರಿಂಗು ಸ್ಪೀಕರ್‌ನಿಂದ ಬರುವ ಬೇಸನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಹಲಗೆ ನೆಲದ ಮೇಲೆ ಅದನ್ನೇ ಇಟ್ಟರೆ ಯಾರಾದರೂ ನಡೆದಾಗ ಟರ್ನ್‌ಟೇಬಲ್ ದೋಣಿಯ ಹಾಗೆ ಆಡಿ ಮುಳ್ಳು ಹಾರಬಹುದು. ಹೀಗಾಗಿ ನಿಮಗೆ ಸ್ಪ್ರಿಂಗು ಟರ್ನ್‌ಟೇಬಲ್ ಕೆಳಗೆ ಬೇಡ, ಸ್ಪೀಕರ್ ಕೆಳಗೆ ಇರಲಿ.

ಇಲ್ಲೇ ಸ್ಪೈಕಿನ ತಪ್ಪು ಇರುವುದು. ಸ್ಪೈಕ್ ಸ್ಪೀಕರನ್ನು ನೆಲಕ್ಕೆ ಗಟ್ಟಿಯಾಗಿ ಹಿಡಿಸುತ್ತದೆ. ಕಲ್ಲು, ಕಾಂಕ್ರೀಟ್ ನೆಲದಲ್ಲಿ ಅದು ಸರಿ. ಹಲಗೆಗೆ ಹಿಡಿಸಿದರೆ ಪೆಟ್ಟಿಗೆಯ ನಡುಕವೆಲ್ಲ ನೇರ ಹಲಗೆಗೆ ಇಳಿದು, ಇಡೀ ನೆಲ ಮೂರನೇ ಸ್ಪೀಕರ್ ಆಗುತ್ತದೆ. ನಿಮಗೆ ಬೇಕಾದದ್ದು ಉಲ್ಟಾ: ಸ್ಪೀಕರ್ ಕೆಳಗೆ ಮೆತ್ತಗಿನ, ಕುಗ್ಗುವ ಕಾಲು. ಎತ್ತರದ ಪೆಟ್ಟಿಗೆ ಅಲ್ವಾ, ಮಗು ಇರುವ ಮನೆ, ಒರಗಿದರೆ ಬೀಳದಷ್ಟು ಅಗಲದ ಹಲಗೆ ಕೆಳಗೆ ಹಾಕಿ ಅದಕ್ಕೆ ಕಾಲು ಕೊಡಿ. ಇದನ್ನು ಮರೆಯಬೇಡಿ.

ಟರ್ನ್‌ಟೇಬಲ್ಲಿನ ಪ್ಲಾಸ್ಟಿಕ್ ಮುಚ್ಚಳದ ಬಗ್ಗೆ ಯಾರೂ ಹೇಳುವುದಿಲ್ಲ. ತೆರೆದು ನಿಲ್ಲಿಸಿದ ಮುಚ್ಚಳ ಗಾಳಿಯಲ್ಲಿ ಬರುವ ಬೇಸನ್ನು ಹಾಯಿಯ ಹಾಗೆ ಹಿಡಿದು ಕೀಲಿನ ಮೂಲಕ ಕೆಳಗೆ ಕಳಿಸುತ್ತದೆ. ನುಡಿಸುವಾಗ ಪೂರ್ತಿ ಕಳಚಿ ಪಕ್ಕಕ್ಕಿಡಿ. ಬಸವನಗುಡಿಯ ಒಂದು ಮನೆಯಲ್ಲಿ ಎರಡು ಕಾರ್ಟ್ರಿಜ್ ಬದಲಾಯಿಸಿದ್ದರು, ತೊಂದರೆ ಇದ್ದದ್ದು ಮುಚ್ಚಳದಲ್ಲಿ ಮಾತ್ರ.

ಈಗ ಮುಳ್ಳು ಎತ್ತಿದ ಮೇಲೂ ಉಳಿಯುವ ಹಮ್. ಇದು ಪೂರ್ತಿ ಬೇರೆ ಜಾತಿ. ಮುಳ್ಳು ಮುಟ್ಟದೆ ಬರುವ ಸದ್ದಿಗೂ ನೆಲಕ್ಕೂ ರೆಕಾರ್ಡಿಗೂ ಸಂಬಂಧವಿಲ್ಲ, ಇದು ಕರೆಂಟಿನದು. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಹಮ್ 50ರಲ್ಲೂ ಬರಬಹುದು, ಅದರ ಎರಡರಷ್ಟು 100ರಲ್ಲೂ ಬರಬಹುದು. ನಿಮ್ಮ ಸಂಗ್ರಹದ ಎಲ್‌ಪಿಗಳಿಗೆ ಇದು ಎಷ್ಟು ಹಿಂಸೆ ಅಂತ ನನಗೆ ಗೊತ್ತು. ತಂಬೂರಿ ಹಿಡಿದಿಟ್ಟ ಶ್ರುತಿಯ ಅಡಿಯಲ್ಲೇ ಈ ಸದ್ದು ಕೂರುತ್ತದೆ. ಗಾಯಕರ ಷಡ್ಜ ಹಾರ್ಮೋನಿಯಂನ ಕಪ್ಪು ಒಂದರಲ್ಲಿ, ಅಂದರೆ 138 ಹರ್ಟ್ಸ್ ಹತ್ತಿರ ಇದೆ ಅಂತಿಟ್ಟುಕೊಳ್ಳಿ. 100 ಹರ್ಟ್ಸ್ ಹಮ್ಮು ಅದರ ಕೆಳಗಿನ ಸಪ್ತಕದಲ್ಲಿ ತೀವ್ರ ಮಧ್ಯಮಕ್ಕೂ ಪಂಚಮಕ್ಕೂ ನಡುವೆ ಬೀಳುತ್ತದೆ. ಎರಡೂ ಅಲ್ಲದ ಸ್ವರ. ತಂಬೂರಿಯ ಪಂಚಮ ಸ್ವಲ್ಪ ಬೇಸೂರಾದ ಹಾಗೆ ಅನಿಸಿ ಏನೋ ಸರಿ ಇಲ್ಲ ಅಂತ ಕಿವಿ ಹೇಳುತ್ತಲೇ ಇರುತ್ತದೆ, ಆದರೆ ಏನು ಅಂತ ತಿಳಿಯುವುದಿಲ್ಲ. ರೆಕಾರ್ಡ್ ಸವೆದಿದೆ ಅಂತ ಜನ ಅಂದುಕೊಳ್ಳುವುದು ಇಲ್ಲೇ.

ಹುಡುಕುವ ಕ್ರಮ ಹೀಗೆ. ಆಂಪ್‌ನ ಗುಂಡಿಯನ್ನು ಫೋನೋದಿಂದ ಬೇರೆ ಕಡೆಗೆ, ಟೇಪ್‌ಗೋ ಆಕ್ಸ್‌ಗೋ, ತಿರುಗಿಸಿ. ಅಲ್ಲೂ ಹಮ್ ಇದ್ದರೆ ತೊಂದರೆ ಆಂಪ್‌ನ ಒಳಗಿದೆ. 40 ವರ್ಷದ ಆಂಪ್‌ನಲ್ಲಿ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳು ಒಣಗಿರುವುದು ಸಹಜ, ಆಗ ಬರುವುದು 100 ಹರ್ಟ್ಸ್‌ನ ಸ್ವಲ್ಪ ಒರಟು ಹಮ್. ಇದನ್ನು ನೀವೇ ತೆರೆಯಬೇಡಿ, ಪ್ಲಗ್ ತೆಗೆದ ಮೇಲೂ ಆ ಕೆಪಾಸಿಟರ್‌ಗಳಲ್ಲಿ ಕರೆಂಟು ಕೂತಿರುತ್ತದೆ. ಹಳೇ ಆಂಪ್ ಗೊತ್ತಿರುವ ಮೆಕ್ಯಾನಿಕ್‌ಗೆ ಕೊಡಿ, ಒಳ್ಳೆಯ ಆಂಪ್ ಆಗಿದ್ದರೆ ಆ ಖರ್ಚು ಸಾರ್ಥಕ.

ಫೋನೋದಲ್ಲಿ ಮಾತ್ರ ಹಮ್ ಇದ್ದರೆ ಟರ್ನ್‌ಟೇಬಲ್ ಹಿಂದಿನಿಂದ ಬರುವ ತೆಳು ಒಂಟಿ ವೈರು ನೋಡಿ. ತುದಿಯಲ್ಲಿ ಕವಲು ಇರುತ್ತದೆ. ಅದು ಆಂಪ್‌ನ ಹಿಂದೆ ಗ್ರೌಂಡ್ ಅಂತ ಇರುವ ತಿರುಪಿಗೆ ಬಿಗಿಯಾಗಿ ಕೂರಬೇಕು. ನಾನು ನೋಡಿದ ಹಮ್ ಕೇಸುಗಳಲ್ಲಿ ಜಾಸ್ತಿ ಸಲ ಇದೇ ಸಡಿಲ ಇತ್ತು, ಇಲ್ಲವೇ ತುಕ್ಕು ಹಿಡಿದಿತ್ತು. ಮಲೆನಾಡಿನ ಮಳೆಗಾಲದಲ್ಲಿ ತುಕ್ಕು ಹೇಳಬೇಕಾಗಿಲ್ಲ. ಆಮೇಲೆ ಟರ್ನ್‌ಟೇಬಲ್ಲಿನ ಅಡಾಪ್ಟರ್ ಸಿಗ್ನಲ್ ವೈರಿನ ಮೇಲೆ ಮಲಗಿದೆಯೇ ನೋಡಿ, ದೂರ ಸರಿಸಿ. ಆಂಪ್‌ನ ಟ್ರಾನ್ಸ್‌ಫಾರ್ಮರ್ ಇರುವ ಬದಿ ಟೋನ್‌ಆರ್ಮ್ ಕಡೆಗಿದ್ದರೆ ಆರ್ಮ್ ಒಳಕ್ಕೆ ಸರಿದ ಹಾಗೆ ಹಮ್ ಏರಿ ಇಳಿಯುತ್ತದೆ, ಅದು ಅದರ ಗುರುತು. ಟಿವಿಯ ಡಿಶ್ ಬಾಕ್ಸ್ ಅದೇ ಆಂಪ್‌ಗೆ ಸೇರಿದ್ದರೆ ಒಮ್ಮೆ ಕಳಚಿ ನೋಡಿ, ಎರಡು ಕಡೆಯಿಂದ ಅರ್ತ್ ಬಂದರೆ ಹಮ್ ಹುಟ್ಟುತ್ತದೆ.

ಯಾರಾದರೂ ಬಂದು ಮೂರು ಪಿನ್ನಿನ ಪ್ಲಗ್ಗಿನ ದೊಡ್ಡ ಪಿನ್ ಕತ್ತರಿಸಿ, ಹಮ್ ಹೋಗುತ್ತದೆ ಅಂತ ಹೇಳಬಹುದು. ಕೆಲವು ಸಲ ನಿಜವಾಗಿ ಹೋಗುತ್ತದೆ. ಆದರೂ ಬೇಡ. ನಾಳೆ ಒಳಗೆ ಒಂದು ವೈರು ಕಳಚಿ ಪೆಟ್ಟಿಗೆಗೆ ತಾಗಿದರೆ ನಿಮ್ಮ ಕೈಯೇ ಅರ್ತ್ ಆಗುತ್ತದೆ. ಹಳೇ ಮನೆ ಅಂದಿರಲ್ಲ, ಅರ್ತಿಂಗ್ ಇದೆಯೇ ಅಂತ ಎಲೆಕ್ಟ್ರಿಷಿಯನ್‌ನಿಂದ ಅಳೆಸಿ. ಇದ್ದರೂ ಉಪ್ಪು, ಇದ್ದಿಲು ಹಾಕಿದ ಅರ್ತ್ ಗುಂಡಿ ಬೇಸಿಗೆಯಲ್ಲಿ ಒಣಗಿರಬಹುದು. ಬೇಸಿಗೆಯಲ್ಲಿ ಮಾತ್ರ ಹಮ್ ಜಾಸ್ತಿ ಅನ್ನುವವರಿಗೆ ನಾನು ಮೊದಲು ಹೇಳುವುದು ಆ ಗುಂಡಿಗೆ ನಾಲ್ಕು ಕೊಡ ನೀರು ಹಾಕಿ ಅಂತ.

ಇನ್ನೊಂದು ಸಣ್ಣ ವಿಷಯ, ಆದರೆ ಇದನ್ನು ಇವತ್ತೇ ನೋಡಿ. ಈಗಿನ ಹಲವು ಟರ್ನ್‌ಟೇಬಲ್‌ಗಳಲ್ಲಿ ಫೋನೋ ಆಂಪ್ ಒಳಗೇ ಇರುತ್ತದೆ, ಹಿಂದೆ ‘ಫೋನೋ’, ‘ಲೈನ್’ ಅಂತ ಸ್ವಿಚ್ ಇರುತ್ತದೆ. ಅದು ಲೈನ್‌ನಲ್ಲಿದ್ದು, ವೈರನ್ನು ನಿಮ್ಮ ಅಪ್ಪಯ್ಯನ ಆಂಪ್‌ನ ಫೋನೋ ತೂತಿಗೆ ಹಾಕಿದ್ದರೆ ಬೇಸ್ ಎರಡು ಸಲ ಏರುತ್ತದೆ. ಸದ್ದು ದಪ್ಪಗೆ, ಒಡೆದ ಹಾಗೆ ಬರುತ್ತದೆ, ಎಲ್ಲಾ ತೊಂದರೆಯೂ ಹತ್ತು ಪಟ್ಟು ಕಾಣುತ್ತದೆ. ಎರಡರಲ್ಲಿ ಒಂದೇ ಫೋನೋ ಆಂಪ್ ಕೆಲಸ ಮಾಡಬೇಕು. ಆಂಪ್‌ನಲ್ಲಿ ‘ಲೌಡ್‌ನೆಸ್’ ಅನ್ನುವ ಗುಂಡಿ ಒತ್ತಿದ್ದರೆ ಅದನ್ನೂ ಬಿಡಿ. ಅದು ತೀರಾ ಮೆಲ್ಲಗೆ ಕೇಳುವಾಗ ಬೇಸ್ ಎತ್ತಿಕೊಡಲು ಇರುವುದು.

ಕೊನೆಗೆ ಸದ್ದಿಲ್ಲದೆ ಆಡುವ ವೂಫರ್. ಇದು ಕಣ್ಣಿಗೆ ಹೆದರಿಕೆ ಹುಟ್ಟಿಸುತ್ತದೆ, ಆದರೆ ಬಹಳ ಮನೆಗಳಲ್ಲಿ ಇದೆ. ಪೂರ್ತಿ ಚಪ್ಪಟೆ ಇರುವ ರೆಕಾರ್ಡ್ ಅಪರೂಪ. ಎಲ್‌ಪಿ ಒಂದು ಸುತ್ತಿಗೆ 1.8 ಸೆಕೆಂಡ್ ತೆಗೆದುಕೊಳ್ಳುತ್ತದೆ. ಸೊಟ್ಟ ಇರುವ ಜಾಗ ಪ್ರತಿ ಸುತ್ತಿಗೂ ಮುಳ್ಳನ್ನು ಎತ್ತಿ ಇಳಿಸುತ್ತದೆ, ಸಣ್ಣ ಸಣ್ಣ ಉಬ್ಬುಗಳು ಸೆಕೆಂಡಿಗೆ ನಾಲ್ಕು, ಆರು, ಎಂಟು ಸಲ ಅಲುಗಿಸುತ್ತವೆ. ನಿಮ್ಮ ಹೊಸ ಸ್ಪೀಕರ್‌ನ ಹಿಂದೆಯೋ ಮುಂದೆಯೋ ಒಂದು ದುಂಡು ತೂತು ಇದೆ ಅಲ್ವಾ? ಅಂಥ ಪೆಟ್ಟಿಗೆಯಲ್ಲಿ ಬಹಳ ಕೆಳಗಿನ ಹರ್ಟ್ಸ್‌ಗೆ ಕೋನಿಗೆ ಒಳಗಿನ ಗಾಳಿಯ ತಡೆ ಸಿಗುವುದಿಲ್ಲ, ಹಿಡಿಯುವವರಿಲ್ಲದೆ ಆಡುತ್ತದೆ. ಕೇಳದ ಸದ್ದಿಗೆ ಆಂಪ್ ಶಕ್ತಿ ಖರ್ಚಾಗುತ್ತದೆ, ಕೋನು ಅದೇ ಹೊತ್ತಿಗೆ ತಬಲಾ ಜೋಡಿಯ ಡಗ್ಗಾದ ನಾದವನ್ನೂ ಕೊಡಬೇಕಾಗಿ ಅದು ಕಲಸಿ ಬರುತ್ತದೆ.

ಇಲ್ಲಿ ಆರ್ಮ್ ಮತ್ತು ಕಾರ್ಟ್ರಿಜ್ಜಿನ ಲೆಕ್ಕ ಕೆಲಸಕ್ಕೆ ಬರುತ್ತದೆ. ಆರ್ಮಿನ ಪರಿಣಾಮಕಾರಿ ತೂಕ (ಎಫೆಕ್ಟಿವ್ ಮಾಸ್), ಕಾರ್ಟ್ರಿಜ್ಜಿನ ತೂಕ, ತಿರುಪಿನ ತೂಕ ಮೂರನ್ನೂ ಗ್ರಾಂನಲ್ಲಿ ಕೂಡಿಸಿ. ಅದನ್ನು ಕಾರ್ಟ್ರಿಜ್ಜಿನ ಕಂಪ್ಲಯನ್ಸ್ (ಮುಳ್ಳು ಎಷ್ಟು ಮೆತ್ತಗೆ ಬಾಗುತ್ತದೆ ಅನ್ನುವ) ಸಂಖ್ಯೆಯಿಂದ ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಿ. 10 ಗ್ರಾಂ ಆರ್ಮ್, 6 ಗ್ರಾಂ ಕಾರ್ಟ್ರಿಜ್, 1 ಗ್ರಾಂ ತಿರುಪು, ಕಂಪ್ಲಯನ್ಸ್ 20 ಅಂದರೆ ಸುಮಾರು 8.6 ಹರ್ಟ್ಸ್ ಬರುತ್ತದೆ. ಒಳ್ಳೆಯದು. 6ಕ್ಕೆ ಇಳಿದರೆ ಸೊಟ್ಟ ರೆಕಾರ್ಡ್‌ಗಳ ಜೊತೆ ಕುಣಿಯುತ್ತದೆ. ಜಪಾನಿನ ಕಂಪನಿಗಳು ಈ ಕಂಪ್ಲಯನ್ಸನ್ನು ಹೆಚ್ಚಾಗಿ 100 ಹರ್ಟ್ಸ್‌ನಲ್ಲಿ ಅಳೆದು ಕೊಡುತ್ತವೆ, ಈ ಲೆಕ್ಕಕ್ಕೆ ಹಾಕುವ ಮೊದಲು ಅದನ್ನು ಒಂದೂವರೆಯಿಂದ ಎರಡು ಪಟ್ಟು ಮಾಡಿಕೊಳ್ಳಬೇಕು. ನಿಮ್ಮದು ಕಂಪನಿಯಿಂದಲೇ ಕಾರ್ಟ್ರಿಜ್ ಹಾಕಿ ಬಂದದ್ದಾದರೆ ಈ ಲೆಕ್ಕ ಸರಿಯೇ ಇರುತ್ತದೆ. ಅಂಗಡಿಯವರ ಮಾತು ಕೇಳಿ ತೀರಾ ಮೆತ್ತಗಿನ ದುಬಾರಿ ಕಾರ್ಟ್ರಿಜ್ ಹಾಕಿದ್ದರೆ ಕೆಡುತ್ತಿತ್ತು.

ಇದಕ್ಕೆ ನಿಜವಾದ ಮದ್ದು ಸಬ್‌ಸಾನಿಕ್ ಫಿಲ್ಟರ್. 18, 20 ಹರ್ಟ್ಸ್ ಕೆಳಗಿನದನ್ನು ಕಡಿದಾಗಿ ಕತ್ತರಿಸುತ್ತದೆ. 80ರ ದಶಕದ ಬಹಳ ಆಂಪ್‌ಗಳಲ್ಲಿ ಇದರ ಗುಂಡಿ ಇರುತ್ತಿತ್ತು, ನಿಮ್ಮದರಲ್ಲೂ ಮುಂದೆ ಹುಡುಕಿ. ‘ಸಬ್‌ಸಾನಿಕ್’ ಅಂತಿದ್ದರೆ ಯೋಚನೆ ಮಾಡದೆ ಒತ್ತಿ. ‘ಲೋ ಫಿಲ್ಟರ್’ ಅಂತ ಮಾತ್ರ ಇದ್ದರೆ ಕೇಳಿ ನೋಡಿ, ಕೆಲವು 70 ಹರ್ಟ್ಸ್‌ನಿಂದಲೇ ಇಳಿಸುತ್ತವೆ, ಡಗ್ಗಾ ತೆಳ್ಳಗಾಗುತ್ತದೆ. ಗುಂಡಿ ಇಲ್ಲದಿದ್ದರೆ ಈ ಫಿಲ್ಟರ್ ಇರುವ ಹೊರಗಿನ ಫೋನೋ ಆಂಪ್ ಸಿಗುತ್ತದೆ. ಫಿಲ್ಟರ್ ಸಂಗೀತ ಕೆಡಿಸುತ್ತದೆ ಅನ್ನುವವರಿದ್ದಾರೆ. ನಿಮ್ಮ ರೆಕಾರ್ಡ್‌ಗಳಲ್ಲಿ 40 ಹರ್ಟ್ಸ್ ಕೆಳಗೆ ಸಂಗೀತವೇ ಇಲ್ಲ. ತಂಬೂರಿಯ ಖರ್ಜದ ತಂತಿಯೂ 60ರ ಮೇಲೆಯೇ ಇರುತ್ತದೆ. ಆ ವಾದವನ್ನು ಚರ್ಚ್ ಆರ್ಗನ್ ಕೇಳುವವರಿಗೆ ಬಿಡಿ.

ಎಡಬಲದ ಸದ್ದನ್ನು ಕೂಡಿಸಿ ಒಂದು ಮಾಡುವ ‘ಮೋನೋ’ ಗುಂಡಿ ಇದ್ದರೆ ಅದೂ ಒಂದು ಒಳ್ಳೆಯ ಸಾಧನ. ಸೊಟ್ಟದಿಂದ ಬರುವ ಅಲುಗಾಟ ಮೇಲೆ ಕೆಳಗೆ ಆಗುವಂಥದ್ದು, ಸ್ಟೀರಿಯೋದಲ್ಲಿ ಅದು ಎಡಬಲಕ್ಕೆ ಉಲ್ಟಾ ಉಲ್ಟಾ ಬರುತ್ತದೆ. ಮೋನೋ ಒತ್ತಿದರೆ ಒಂದನ್ನೊಂದು ಹೊಡೆದು ಹಾಕುತ್ತವೆ. ನಿಮ್ಮ ಸಂಗ್ರಹದ ಹಳೆಯವು, 60ರ ದಶಕದವು, ಮೋನೋ ಇದ್ದರೆ ಅವನ್ನು ಯಾವಾಗಲೂ ಈ ಗುಂಡಿ ಒತ್ತಿಯೇ ಕೇಳಿ. ಏನೂ ಕಳೆದುಕೊಳ್ಳುವುದಿಲ್ಲ, ಗುಡುಗುಡು ಮತ್ತು ಚಟಪಟ ಎರಡೂ ಇಳಿಯುತ್ತವೆ.

ಹಳೇ ರೆಕಾರ್ಡ್ ಅಂದರೆ ಬೇಸ್ ಸದ್ದು ಇದ್ದದ್ದೇ ಅನ್ನುವ ಮಾತು ಸುಳ್ಳು. ಸವೆದ ರೆಕಾರ್ಡ್ ಕೊಡುವುದು ಸರಸರ, ಚಟಪಟ, ಜೋರು ಸ್ವರದಲ್ಲಿ ಒಡಕು. ಗುಂಯ್ ಕೊಡುವುದಿಲ್ಲ. ಕೆಲವು ರೆಕಾರ್ಡಿನಲ್ಲಿ ಕೊರೆಯುವ ಯಂತ್ರದ ಗುಡುಗುಡು ಗೆರೆಯಲ್ಲೇ ಇರುತ್ತದೆ ನಿಜ, ಆದರೆ ಅದು ಆ ಒಂದು ರೆಕಾರ್ಡಿನಲ್ಲಿ ಮಾತ್ರ ಇರಬೇಕು. ಎಲ್ಲದರಲ್ಲೂ ಇದ್ದರೆ ರೆಕಾರ್ಡಿನದಲ್ಲ. ಮುಳ್ಳಿನ ಮೇಲೆ ನಾಣ್ಯ ಇಡುವುದು, ಭಾರ ಜಾಸ್ತಿ ಮಾಡುವುದು ಕೂಡ ಇದಕ್ಕೆ ಮದ್ದಲ್ಲ. ಕಾರ್ಟ್ರಿಜ್ ಕಂಪನಿ ಹೇಳಿದ ಭಾರ, ಸಾಮಾನ್ಯವಾಗಿ 1.5ರಿಂದ 2 ಗ್ರಾಂ, ಅಷ್ಟೇ ಇರಲಿ. ಅಪ್ಪಯ್ಯನ ರೆಕಾರ್ಡ್‌ಗಳನ್ನು ಉಳಿಸಬೇಕಾದದ್ದು ಮುಖ್ಯ. ಸೊಟ್ಟ ತೆಗೆಯಲು ಬಿಸಿಲಿಗೆ ಇಡುವುದು, ಓವನ್‌ಗೆ ಇಡುವುದು ಮಾಡಬೇಡಿ, ಗೆರೆ ಕರಗಿದರೆ ವಾಪಸ್ ಬರುವುದಿಲ್ಲ.

ಮೋಟರ್, ಬೇರಿಂಗಿನ ಗುಡುಗುಡು ನಿಮ್ಮ ಕೇಸಿನಲ್ಲಿ ಇದೆ ಅಂತ ನನಗೆ ಅನಿಸುವುದಿಲ್ಲ. ಅದು ರಬ್ಬರ್ ಚಕ್ರದಿಂದ ತಿರುಗುವ ಹಳೇ ಗ್ಯಾರಾರ್ಡ್ ಕಂಪನಿಯ ಟರ್ನ್‌ಟೇಬಲ್ ಥರದವುಗಳ ಕಾಯಿಲೆ, ಮೋಟರ್ ನಿಮಿಷಕ್ಕೆ 1,400ರ ಹತ್ತಿರ ಸುತ್ತಿ 24 ಹರ್ಟ್ಸ್ ಆಸುಪಾಸು ಗುಡುಗುತ್ತದೆ. ಬೆಲ್ಟಿನದಕ್ಕೆ ಅಷ್ಟಿಲ್ಲ. ಮುಂದೆ ಯಾವತ್ತಾದರೂ ಬೇರಿಂಗಿಗೆ ಎಣ್ಣೆ ಬೇಕಾದರೆ ಕಂಪನಿ ಹೇಳಿದ್ದನ್ನೇ ಹಾಕಿ, ಮನೆಯಲ್ಲಿ ಕೈಗೆ ಸಿಕ್ಕಿತು ಅಂತ ಕೊಬ್ಬರಿ ಎಣ್ಣೆ ಹಾಕಬೇಡಿ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ನಿಮ್ಮ ಊರಿನ ಚಳಿಗಾಲದಲ್ಲಿ ತಟ್ಟೆ ತಿರುಗಲು ಒದ್ದಾಡುತ್ತದೆ, ವರ್ಷ ಕಳೆದರೆ ಅಂಟಾಗಿ ಕೂರುತ್ತದೆ.

ಹಾಗಾದರೆ ಈ ವಾರ ಮಾಡಬೇಕಾದದ್ದು: ಹಿಂದಿನ ಸ್ವಿಚ್ ನೋಡಿ, ಲೌಡ್‌ನೆಸ್ ಬಿಡಿ, ಮುಚ್ಚಳ ಕಳಚಿ, ಗ್ರೌಂಡ್ ವೈರು ಉಜ್ಜಿ ಬಿಗಿ ಮಾಡಿ, ಕೆಳಗಿನ ಫ್ಯಾನ್ ಆಫ್ ಮಾಡಿ ಕೇಳಿ. ಇಷ್ಟಕ್ಕೆ ಒಂದು ರೂಪಾಯಿ ಬೇಡ. ಆಮೇಲೆ ಟರ್ನ್‌ಟೇಬಲ್ ಜಾಗ ಬದಲಾಯಿಸಿ. ದುಡ್ಡು ಖರ್ಚು ಮಾಡುವುದಾದರೆ ಮೊದಲು ಗೋಡೆಯ ಶೆಲ್ಫಿಗೆ, ಎರಡನೆಯದು ಸ್ಪೀಕರಿನ ಮೆತ್ತಗಿನ ಕಾಲಿಗೆ, ಮೂರನೆಯದು ಫಿಲ್ಟರಿಗೆ.

ಶೆಲ್ಫ್ ಹೊಡೆಯುವ ಮೊದಲು ಗೋಡೆ ಯಾವುದರದ್ದು ಅಂತ ನೋಡಿಕೊಳ್ಳಿ. ಜಂಬಿಟ್ಟಿಗೆಯಾದರೆ ಉದ್ದದ ಆ್ಯಂಕರ್ ಹಾಕಿದರೆ ಹಿಡಿಯುತ್ತದೆ. ಮಣ್ಣಿನ ಗೋಡೆಯಾದರೆ ತಿರುಪು ಆರು ತಿಂಗಳಲ್ಲಿ ಸಡಿಲವಾಗಿ ಟರ್ನ್‌ಟೇಬಲ್ ಸಮೇತ ಕೆಳಗೆ ಬರಬಹುದು. ಹಾಗಿದ್ದರೆ ಗೋಡೆಗೆ ಒರಗಿದ ಮರದ ಕಂಬ ಇದ್ದರೆ ಬ್ರಾಕೆಟ್ಟನ್ನು ಅದಕ್ಕೆ ಹೊಡೆಸಿ. ಕಂಬವೂ ಇಲ್ಲದಿದ್ದರೆ ಟರ್ನ್‌ಟೇಬಲ್ಲನ್ನು ಕೆಳಗಿನ ಜಗಲಿಗೆ ಇಳಿಸಿ, ಗಟ್ಟಿ ನೆಲದ ಮೇಲೆ ಇಡಿ.